ದೋಣಿಗಲ್ಲಿನ ಕೆಮ್ಮಣ್ಣು, ಜೇಡಿಯ ಲೆಕ್ಕ

ಸಕಲೇಶಪುರ ಬಿಟ್ಟು ಮಂಗಳೂರಿನತ್ತ ಹೊರಟರೆ ಘಾಟಿ ಇಳಿಯುವ ಮುನ್ನ ಸಿಗುವ ಊರು ದೋಣಿಗಲ್. ಇಲ್ಲಿನ ಗುಡ್ಡಗಳನ್ನು ಎರಡು ಶತಮಾನಗಳಿಗೂ ಮೀರಿ ಒಬ್ಬರಾದ ಮೇಲೊಬ್ಬರು ಕಡಿಯುತ್ತ ಬಂದಿದ್ದಾರೆ. 1792ರಲ್ಲಿ ಟಿಪ್ಪು ಸುಲ್ತಾನ್ ಇಲ್ಲಿ ಎಂಟು ಮೂಲೆಯ ನಕ್ಷತ್ರಾಕಾರದ ಮಂಜರಾಬಾದ್ ಕೋಟೆ ಕಟ್ಟಿಸಿದ. ಕರಾವಳಿಯಿಂದ ಏರಿ ಬರುವ ದಾರಿಯ ಮೇಲೆ ಕಣ್ಣಿಡುವುದು ಅದರ ಕೆಲಸ. ಅರ್ಧ ಶತಮಾನದ ನಂತರ ಕಾಫಿ ಬೆಳೆಗಾರರು ಬಂದು ಕಾಡಿನ ನೆರಳಿನಲ್ಲಿ ಗುಂಡಿ ತೋಡಿದರು. 1979ರಲ್ಲಿ ಹಾಸನ–ಮಂಗಳೂರು ರೈಲುಮಾರ್ಗ ಪೂರ್ಣವಾದಾಗ ದೋಣಿಗಲ್‌ಗೂ ಒಂದು ನಿಲ್ದಾಣ ಸಿಕ್ಕಿತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ ಸುಮಾರು 55 ಕಿ.ಮೀ. ಹಾದಿಗೆ 57 ಸುರಂಗ ಕೊರೆದು, 109 ಸೇತುವೆ ಕಟ್ಟಬೇಕಾಯಿತು. ಆಮೇಲೆ ಬಂದದ್ದು ಚತುಷ್ಪಥ ಹೆದ್ದಾರಿ.

ಕಡಿದವರಿಗೆಲ್ಲ ಗುಡ್ಡ ಒಂದೇ ರೀತಿ ಮಣಿಯಲಿಲ್ಲ. 2021ರ ಜುಲೈ ಮಳೆಯಲ್ಲಿ ದೋಣಿಗಲ್ ಬಳಿ ಹೆದ್ದಾರಿಯ ಅಂಚು ಕುಸಿದು ಶಿರಾಡಿ ಘಾಟಿಯ ಸಂಚಾರ ನಿಂತಿತು. 2022ರ ಜುಲೈನಲ್ಲಿ ಅದೇ ದೋಣಿಗಲ್‌ನಲ್ಲಿ ಮತ್ತೆ ಕುಸಿಯಿತು. 2024ರ ಜುಲೈ 26ರಂದು ಕಡಗರವಳ್ಳಿ ಮತ್ತು ಎಡಕುಮೇರಿ ನಡುವೆ ರೈಲುಹಳಿಯ ಕೆಳಗಿನ ಮಣ್ಣೇ ಜಾರಿಹೋಯಿತು. ಪ್ರಯಾಣಿಕರ ರೈಲುಗಳು ಹತ್ತು ದಿನಕ್ಕೂ ಹೆಚ್ಚು ಕಾಲ ನಿಂತವು. ಅದೇ ದಿನಗಳಲ್ಲಿ ಕೆಳಗಿನ ದೊಡ್ಡತಪ್ಪಲೆಯಲ್ಲಿ ಹೆದ್ದಾರಿಯ ಮೇಲೆ ಧರೆ ಕುಸಿಯಿತು. ಆಗಸ್ಟ್ ಮೊದಲ ವಾರ ಸ್ಥಳಕ್ಕೆ ಬಂದ ಮುಖ್ಯಮಂತ್ರಿ ಸಿದ್ದರಾಮಯ್ಯ, ಗುಡ್ಡವನ್ನು ನೆಟ್ಟಗೆ ಕತ್ತರಿಸಿದ್ದನ್ನು ಆಕ್ಷೇಪಿಸಿದರು.

ಧರೆ ಕುಸಿದಾಗ ನಡೆಯುವ ಮಾತೆಲ್ಲ ಇಳಿಜಾರು, ಮಳೆ, ತಡೆಗೋಡೆಗಳದ್ದು. ಅದು ಸರಿಯೇ. ಆದರೆ ಆ ಧರೆಯಲ್ಲಿರುವ ಜೇಡಿ ಯಾವುದು, ಅದು ನೀರನ್ನೂ ಸುಣ್ಣವನ್ನೂ ಗೊಬ್ಬರವನ್ನೂ ಹೇಗೆ ಹಿಡಿಯುತ್ತದೆ, ಹೇಗೆ ಬಿಡುತ್ತದೆ ಎಂಬ ಇನ್ನೊಂದು ಪ್ರಶ್ನೆಯಿದೆ. ಅದಕ್ಕೆ ನೂರೆಪ್ಪತ್ತು ವರ್ಷಗಳ ಇತಿಹಾಸವಿದ್ದು, ಆರಂಭದ ಒಂದು ಎಳೆ ಮಂಜರಾಬಾದಿನ ಕಾಫಿ ತೋಟಕ್ಕೇ ಬಂದು ಮುಟ್ಟುತ್ತದೆ. ಆ ಇತಿಹಾಸ ಈಗ ಸೂಪರ್‌ಕಂಪ್ಯೂಟರಿನವರೆಗೆ ಬಂದಿದೆ. ಜೇಡಿಯ ಹಾಳೆಯ ಮೇಲೆ ಒಂದು ರಾಸಾಯನಿಕದ ಅಣು ಎಲ್ಲಿ ಕೂರುತ್ತದೆ, ಎಷ್ಟು ಬಿಗಿಯಾಗಿ ಕೂರುತ್ತದೆ ಎಂಬುದನ್ನು ಪರಮಾಣುವಿನ ಮಟ್ಟದಲ್ಲಿ ಲೆಕ್ಕ ಹಾಕುವ ಕಾಲ ಇದು. ಆ ಲೆಕ್ಕ ಯಾರ ಮಣ್ಣಿನದು ಎಂಬುದು ಈ ಕಥೆಯ ತಿರುಳು.

ತೋಟಕ್ಕೆ ಬಂದ ರಸಾಯನಜ್ಞ

ಮಂಜರಾಬಾದ್ ಸೀಮೆಯಲ್ಲಿ ಯುರೋಪಿಯನ್ನರ ಕಾಫಿ ಕೃಷಿ ಶುರುವಾದದ್ದು 1843ರಲ್ಲಿ, ಫ್ರೆಡೆರಿಕ್ ಗ್ರೀನ್ ಎಂಬಾತನಿಂದ. 1856ರಲ್ಲಿ ಬಂದ ರಾಬರ್ಟ್ ಎಲಿಯಟ್ ಇಲ್ಲೇ ದಶಕಗಳ ಕಾಲ ತೋಟ ನಡೆಸಿದ. ಕಾಡು ಕಡಿದು ಕಾಫಿ ಹಾಕಿದರೆ ಮೊದಲ ವರ್ಷಗಳ ಫಸಲು ಜೋರು. ಆಮೇಲೆ ಗಿಡ ಸೊರಗುತ್ತದೆ. ಮಣ್ಣಿಗೆ ಏನು ಕೊಡಬೇಕು, ಕೊಟ್ಟದ್ದು ಮಳೆಯಲ್ಲಿ ಕೊಚ್ಚಿಹೋಗದೆ ಉಳಿಯುತ್ತದೆಯೇ ಎಂಬುದು ಆಗಿನ ಪ್ರತಿ ತೋಟಗಾರನ ತಲೆನೋವು. 1894ರಲ್ಲಿ ಮೈಸೂರಿನ ಚಿನ್ನ, ಬೇಟೆ ಮತ್ತು ಕಾಫಿ ಕುರಿತು ಬರೆದ ಪುಸ್ತಕದಲ್ಲಿ ಗೊಬ್ಬರದ ಮಾತು ಬಂದಾಗ ಎಲಿಯಟ್ ಆಧರಿಸಿದ್ದು ಜಾನ್ ಅಗಸ್ಟಸ್ ವೋಲ್ಕರ್ ಎಂಬ ರಸಾಯನಜ್ಞನನ್ನು.

ಈ ವೋಲ್ಕರ್ ಇಂಗ್ಲೆಂಡಿನ ರಾಯಲ್ ಅಗ್ರಿಕಲ್ಚರಲ್ ಸೊಸೈಟಿಯ ಸಲಹೆಗಾರ. ಭಾರತದ ಬೇಸಾಯವನ್ನು ಪರಿಶೀಲಿಸಲು 1889ರ ಕೊನೆಯಲ್ಲಿ ಬಂದು ದೇಶ ಸುತ್ತಿ, 1893ರಲ್ಲಿ ಪ್ರಸಿದ್ಧ ವರದಿ ಕೊಟ್ಟವನು. ಅದೇ ಸಲಹೆಗಾರನ ಹುದ್ದೆಯಲ್ಲಿ ಅವನಿಗಿಂತ ಮೊದಲು ಅವನ ತಂದೆ ಇದ್ದ. ತಂದೆಗಿಂತ ಮೊದಲು ಜೆ. ಥಾಮಸ್ ವೇ. ಜೇಡಿಯ ಕಥೆ ಶುರುವಾಗುವುದು ಈ ವೇಯಿಂದ. ಯಾರ್ಕ್‌ಶೈರಿನ ಜಮೀನುದಾರ ಎಚ್. ಎಸ್. ಥಾಮ್ಸನ್ ಒಂದು ವಿಚಿತ್ರ ಕಂಡಿದ್ದ. ಅಮೋನಿಯಂ ಸಲ್ಫೇಟ್ ಕರಗಿಸಿದ ನೀರನ್ನು ಮಣ್ಣಿನ ಮೂಲಕ ಇಳಿಸಿದರೆ ಕೆಳಗೆ ಬರುವ ನೀರಿನಲ್ಲಿ ಅಮೋನಿಯ ಇರುತ್ತಿರಲಿಲ್ಲ, ಅದರ ಬದಲು ಸುಣ್ಣದ ಸಲ್ಫೇಟ್ ಇರುತ್ತಿತ್ತು. 1850ರಲ್ಲಿ ವೇ ಇದನ್ನು ಸಾಲು ಸಾಲು ಪ್ರಯೋಗಗಳಿಂದ ಸಾಬೀತು ಮಾಡಿ, ಈ ಕೊಡು–ಕೊಳ್ಳುವಿಕೆ ನಡೆಯುವುದು ಮಣ್ಣಿನ ಜೇಡಿಯಲ್ಲಿ, ಮರಳಿನಲ್ಲಲ್ಲ ಎಂದು ತೋರಿಸಿದ. ಒಂದನ್ನು ಹಿಡಿದಾಗ ಇನ್ನೊಂದನ್ನು ಅಷ್ಟೇ ಪ್ರಮಾಣದಲ್ಲಿ ಬಿಡುವ ಜೇಡಿಯ ಈ ಗುಣವನ್ನು ಇಂದು ಅಯಾನು ವಿನಿಮಯ ಎನ್ನುತ್ತೇವೆ. ಅಣುವೋ ಅಯಾನೋ ಕಣದ ಒಳಕ್ಕೆ ಇಂಗದೆ ಅದರ ಮೇಲ್ಮೈಗೆ ಅಂಟಿ ನಿಲ್ಲುವುದಕ್ಕೆ ಅಧಿಶೋಷಣೆ ಎಂದು ಹೆಸರು.

ಇದು ಮಲೆನಾಡಿಗೆ ಏಕೆ ಮುಖ್ಯ? ಇಲ್ಲಿ ಲಕ್ಷಾಂತರ ವರ್ಷಗಳಿಂದ ಸುರಿದ ಮಳೆ ಕಲ್ಲನ್ನು ಕೊಳೆಯಿಸಿ ಮಣ್ಣು ಮಾಡಿದೆ. ಕೊಳೆಯುವಾಗ ಸುಣ್ಣ, ಪೊಟ್ಯಾಶ್, ಮೆಗ್ನೀಸಿಯಂ ಮೊದಲು ತೊಳೆದುಹೋಗುತ್ತವೆ, ಸಿಲಿಕಾ ನಿಧಾನಕ್ಕೆ ಹೋಗುತ್ತದೆ. ಕಬ್ಬಿಣ, ಅಲ್ಯೂಮಿನಿಯಂ ಉಳಿಯುತ್ತವೆ. ಮಣ್ಣು ಕೆಂಪಾಗುವುದು, ಹುಳಿಯಾಗುವುದು ಹೀಗೆ. ಬೆಳೆಗಾರರು ಇಂದಿಗೂ ಕಾಫಿ ತೋಟಕ್ಕೆ ಸುಣ್ಣ ಚೆಲ್ಲುವುದು ಈ ಹುಳಿಯನ್ನು ಮುರಿಯಲು. ಕೊಟ್ಟ ರಂಜಕವನ್ನು ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡ್‌ಗಳು ಬಿಗಿಯಾಗಿ ಹಿಡಿದುಕೊಂಡು ಬೇರಿಗೆ ಸಿಗದಂತೆ ಮಾಡುವುದೂ ಇದೇ ಮಣ್ಣಿನ ಗುಣ. ವೇ ಕಂಡದ್ದು ಹಿಡಿದು ಕೊಡುವ ಜೇಡಿ. ಘಾಟಿಯ ಮಣ್ಣು ಕೆಲವನ್ನು ಹಿಡಿಯಲಾರದು, ಕೆಲವನ್ನು ಬಿಡಲೊಲ್ಲದು.

ಮೈಲುತುತ್ತದ ಕಾಲ

1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಸೇರಿದ ಕೆನಡಾದ ಲೆಸ್ಲಿ ಕೋಲ್ಮನ್‌ಗೆ ಎದುರಾದ ಮೊದಲ ದೊಡ್ಡ ಸವಾಲು ಅಡಿಕೆಯ ಕೊಳೆರೋಗ. ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಿಂದ ಹೆಸರು ಮಾಡಿತ್ತು. ಆದರೆ ಫ್ರಾನ್ಸಿನ ಮಳೆ ಬೇರೆ, ಮಲೆನಾಡಿನ ಮಳೆ ಬೇರೆ. ತಿಂಗಳುಗಟ್ಟಲೆ ಬಿಡದೆ ಹೊಯ್ಯುವ ಮಳೆಯಲ್ಲಿ ಗೊನೆಯ ಮೇಲಿನ ಔಷಧ ನಿಲ್ಲಬೇಕು. ಕೋಲ್ಮನ್ ದ್ರಾವಣಕ್ಕೆ ರಾಳದ ಅಂಟು ಸೇರಿಸಿ ಈ ತೊಡಕನ್ನು ಬಿಡಿಸಿದ. ಇಡೀ ತಂತ್ರ ನಿಂತದ್ದು ಒಂದು ಮೇಲ್ಮೈಗೆ ಒಂದು ರಾಸಾಯನಿಕ ಎಷ್ಟು ಹೊತ್ತು ಅಂಟಿಕೊಂಡಿರುತ್ತದೆ ಎಂಬುದರ ಮೇಲೆ. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಪ್ರಯೋಗ ಕೇಂದ್ರ ಶುರುವಾದದ್ದೂ ಕೋಲ್ಮನ್ ಕೃಷಿ ಇಲಾಖೆಯ ನಿರ್ದೇಶಕನಾಗಿದ್ದಾಗಲೇ.

ಎಲೆಯಿಂದ, ಗೊನೆಯಿಂದ ತೊಳೆದ ಮೈಲುತುತ್ತದ ತಾಮ್ರ ಕೊನೆಗೆ ಸೇರುವುದು ನೆಲಕ್ಕೆ. ಅಲ್ಲಿ ಅದು ಬೇಗ ಇಳಿದುಹೋಗುವುದಿಲ್ಲ. ತರಗೆಲೆ ಕೊಳೆತ ಕಪ್ಪು ಸಾವಯವ ವಸ್ತು ಅದನ್ನು ಎಲ್ಲಕ್ಕಿಂತ ಬಿಗಿಯಾಗಿ ಹಿಡಿಯುತ್ತದೆ. ಕಬ್ಬಿಣದ ಆಕ್ಸೈಡ್, ಜೇಡಿಕಣಗಳ ಅಂಚುಗಳೂ ಪಾಲು ಪಡೆಯುತ್ತವೆ. ಹಾಗಾಗಿ ವರ್ಷವರ್ಷವೂ ಸಿಂಪಡಿಸಿದ ತೋಟಗಳ ಮೇಲ್ಮಣ್ಣಿನಲ್ಲಿ ತಾಮ್ರ ಕೂಡುತ್ತ ಹೋಗುತ್ತದೆ. ಯಾವ ಕಣ ಎಷ್ಟು ಹಿಡಿಯಿತು ಎಂಬುದನ್ನು ಕೋಲ್ಮನ್‌ನ ಕಾಲದಲ್ಲಿ ನೋಡುವ ದಾರಿ ಇರಲಿಲ್ಲ. ಜೇಡಿಯೆಂದರೆ ಆಗ ಬರೀ ನುಣುಪಾದ ಪುಡಿ. ಅದರ ಒಳಗಟ್ಟು ಯಾರಿಗೂ ತಿಳಿದಿರಲಿಲ್ಲ.

ಹಾಳೆ ಕಂಡಾಗ

ಆ ಒಳಗಟ್ಟು ಹೊರಬಿದ್ದದ್ದು ಎಕ್ಸ್-ರೇಯಿಂದ. 1930ರಲ್ಲಿ ಅಮೆರಿಕದ ಲೈನಸ್ ಪಾಲಿಂಗ್ ಅಭ್ರಕ ಮತ್ತು ಅದರ ಬಳಗದ ಖನಿಜಗಳ ರಚನೆಯನ್ನು ಬಿಡಿಸಿದ. 1933ರಲ್ಲಿ ಜರ್ಮನಿಯ ಹಾಫ್‌ಮನ್, ಎಂಡೆಲ್, ವಿಲ್ಮ್ ಉಬ್ಬುವ ಜೇಡಿಯಾದ ಮಾಂಟ್‌ಮೊರಿಲೊನೈಟ್‌ನ ರಚನೆಯನ್ನು ಮುಂದಿಟ್ಟರು. ಜೇಡಿಕಣ ಚಿರೋಟಿಯ ಹಾಗೆ ಪದರ ಪದರ. ಒಂದು ಪದರದ ದಪ್ಪ ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗದಷ್ಟು.

ಎಲ್ಲ ಜೇಡಿಯೂ ಒಂದೇ ಅಲ್ಲ. ಮಾಂಟ್‌ಮೊರಿಲೊನೈಟ್‌ನಲ್ಲಿ ಎರಡು ಸಿಲಿಕಾ ಹಾಳೆಗಳ ನಡುವೆ ಒಂದು ಅಲ್ಯೂಮಿನಾ ಹಾಳೆ. ಪದರದೊಳಗೆ ಅಲ್ಲಲ್ಲಿ ಅಲ್ಯೂಮಿನಿಯಂ ಜಾಗದಲ್ಲಿ ಮೆಗ್ನೀಸಿಯಂ ಕೂತು ಪದರಕ್ಕೆ ಋಣ ವಿದ್ಯುದಂಶ ಬರುತ್ತದೆ. ಅದನ್ನು ಸರಿದೂಗಿಸಲು ಸೋಡಿಯಂ, ಕ್ಯಾಲ್ಸಿಯಂ ಅಯಾನುಗಳು ಪದರಗಳ ನಡುವೆ ಸೇರುತ್ತವೆ. ಅವುಗಳ ಬೆನ್ನಿಗೆ ನೀರು ನುಗ್ಗಿ ಪದರಗಳು ದೂರ ಸರಿಯುತ್ತವೆ. ಉತ್ತರ ಕರ್ನಾಟಕದ ಎರೆಭೂಮಿ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದು ಈ ಬಳಗದ ಜೇಡಿಯಿಂದ. ಮಲೆನಾಡಿನ ಕೆಮ್ಮಣ್ಣಿನಲ್ಲಿ ಹೆಚ್ಚಾಗಿರುವುದು ಕಯೊಲಿನೈಟ್. ಅದರಲ್ಲಿ ಒಂದು ಸಿಲಿಕಾ ಹಾಳೆ, ಒಂದು ಅಲ್ಯೂಮಿನಾ ಹಾಳೆ, ಅಷ್ಟೇ. ಒಂದು ಪದರದ ಹೈಡ್ರಾಕ್ಸಿಲ್‌ಗಳು ಮುಂದಿನ ಪದರವನ್ನು ಬಿಗಿಯಾಗಿ ಹಿಡಿದಿರುವುದರಿಂದ ನೀರಿಗೆ ನಡುವೆ ಜಾಗವಿಲ್ಲ. ಒಂದು ಗ್ರಾಂ ಮಾಂಟ್‌ಮೊರಿಲೊನೈಟ್‌ನ ಪದರಗಳನ್ನೆಲ್ಲ ಬಿಡಿಸಿ ಹರಡಿದರೆ ಸುಮಾರು 700–800 ಚದರ ಮೀಟರ್ ಮೇಲ್ಮೈ. ಕಯೊಲಿನೈಟ್‌ಗೆ 10–20 ಚದರ ಮೀಟರ್ ಮಾತ್ರ. ಅಯಾನುಗಳನ್ನು ಹಿಡಿಯುವ ಶಕ್ತಿಯಲ್ಲೂ ಸುಮಾರು ಹತ್ತು ಪಟ್ಟು ಅಂತರ. ಎರೆಯಲ್ಲಿ ಕಲಿತ ಪಾಠವನ್ನು ಕೆಮ್ಮಣ್ಣಿಗೆ ಹಾಗೆಯೇ ಒಪ್ಪಿಸಲು ಬರುವುದಿಲ್ಲ ಎಂಬುದಕ್ಕೆ ಈ ಅಂಕಿಗಳೇ ಸಾಕು.

ಅದನ್ನು ಅಂಕಿಯಿಂದಾಚೆಗೆ, ಪ್ರಯೋಗದಲ್ಲಿ ತೋರಿಸಿಕೊಟ್ಟದ್ದು ಬೆಂಗಳೂರು. ಭಾರತೀಯ ವಿಜ್ಞಾನ ಸಂಸ್ಥೆಯ ಸಿವಿಲ್ ಎಂಜಿನಿಯರಿಂಗ್ ವಿಭಾಗದಲ್ಲಿ ಎ. ಶ್ರೀಧರನ್ ಮಣ್ಣಿನ ರಸಾಯನವನ್ನು ಮಣ್ಣಿನ ಬಲದ ಜೊತೆ ಸೇರಿಸಿ ನೋಡುವ ಒಂದು ಪರಂಪರೆಯನ್ನೇ ಬೆಳೆಸಿದರು. 1973ರಲ್ಲಿ ಅವರು ಮತ್ತು ಜಿ. ವೆಂಕಟಪ್ಪ ರಾವ್ ಪ್ರಕಟಿಸಿದ ಕೆಲಸದ ಉಪಾಯ ಸರಳ. ಎರಡೂ ಜೇಡಿಗಳ ಸಂದುಗಳಲ್ಲಿ ನೀರಿನ ಬದಲು ಬೇರೆ ಬೇರೆ ಸಾವಯವ ದ್ರವಗಳನ್ನು ತುಂಬಿ, ಒತ್ತಡ ಹಾಕಿ, ಎಷ್ಟು ಕುಗ್ಗುತ್ತವೆ ಎಂದು ಅಳೆಯುವುದು. ದ್ರವದ ವಿದ್ಯುತ್ ಗುಣ ಬದಲಾದಂತೆ ಎರಡು ಜೇಡಿಗಳೂ ಎದುರುಬದುರು ದಿಕ್ಕಿಗೆ ನಡೆದವು. ಮಾಂಟ್‌ಮೊರಿಲೊನೈಟ್ ನೀರಿನಲ್ಲಿ ಸಡಿಲವಾಗಿ ನಿಂತರೆ ಕಯೊಲಿನೈಟ್ ನೀರಿನಲ್ಲಿ ಹೆಚ್ಚು ಒತ್ತಾಗಿ ಕೂರುತ್ತದೆ. ಮೊದಲನೆಯದನ್ನು ಆಳುವುದು ಪದರಗಳ ಸುತ್ತಲಿನ ಅಯಾನು ಮೋಡದ ವಿಕರ್ಷಣೆ. ಎರಡನೆಯದನ್ನು ಆಳುವುದು ಕಣ ಕಣಕ್ಕೆ ತಾಗುವ ಬಿಂದುಗಳಲ್ಲಿನ ಘರ್ಷಣೆ, ಆಕರ್ಷಣೆ. ಅಯಾನು ಮೋಡದ ಗಣಿತವನ್ನು ಫ್ರಾನ್ಸಿನ ಗುಯಿ 1910ರಲ್ಲೂ ಇಂಗ್ಲೆಂಡಿನ ಚಾಪ್‌ಮನ್ 1913ರಲ್ಲೂ ಕಟ್ಟಿದ್ದರು. ಆ ಗಣಿತವನ್ನು ಜೇಡಿಯ ಕುಗ್ಗುವಿಕೆಗೆ ಅನ್ವಯಿಸಿ 1982ರಲ್ಲಿ ಶ್ರೀಧರನ್ ಮತ್ತು ಜಯದೇವ ಬರೆದ ಪ್ರಬಂಧವೂ ಈ ಕ್ಷೇತ್ರದ ಆಧಾರಗಳಲ್ಲಿ ಒಂದಾಯಿತು.

ಪೆಟ್ಟಿಗೆಯೊಳಗಿನ ಜೇಡಿ

ಇಷ್ಟು ಹೊತ್ತಿಗೆ ಇನ್ನೊಂದು ಕಡೆ ಕಂಪ್ಯೂಟರ್ ಸಿದ್ಧವಾಗುತ್ತಿತ್ತು. 1953ರಲ್ಲಿ ಲಾಸ್ ಅಲಾಮೋಸ್‌ನಲ್ಲಿ ಮೆಟ್ರೊಪೊಲಿಸ್ ಮತ್ತು ಸಂಗಡಿಗರು, ಕಣಗಳನ್ನು ಯಾದೃಚ್ಛಿಕವಾಗಿ ಕದಲಿಸುತ್ತ ಶಕ್ತಿಯ ಲೆಕ್ಕದಂತೆ ಪ್ರತಿ ಕದಲಿಕೆಯನ್ನು ಒಪ್ಪುವ ಅಥವಾ ತಳ್ಳುವ ಮಾಂಟೆ ಕಾರ್ಲೊ ವಿಧಾನ ಕೊಟ್ಟರು. ಇನ್ನೊಂದು ವಿಧಾನವಾದ ಅಣು ಚಲನಶಾಸ್ತ್ರದ ಪಿತಾಮಹ ಎನಿಸಿಕೊಂಡವರು ಹೈದರಾಬಾದಿನಲ್ಲಿ ಹುಟ್ಟಿದ ಅನೀಸುರ್ ರೆಹಮಾನ್. 1964ರಲ್ಲಿ ಅಮೆರಿಕದ ಆರ್ಗಾನ್ ಪ್ರಯೋಗಾಲಯದಲ್ಲಿ ಅವರು 864 ಪರಮಾಣುಗಳ ದ್ರವ ಆರ್ಗಾನನ್ನು ಕಂಪ್ಯೂಟರಿನಲ್ಲಿ ಹರಿಸಿ ತೋರಿಸಿದರು. 1971ರಲ್ಲಿ ಸ್ಟಿಲಿಂಜರ್ ಜೊತೆ 216 ನೀರಿನ ಅಣುಗಳ ಲೆಕ್ಕ ಮಾಡಿದರು. ನೀರು ಕಂಪ್ಯೂಟರಿನೊಳಗೆ ಬಂದ ಮೇಲೆ ಜೇಡಿ ಬರುವುದು ಕಾಲದ ಮಾತಾಗಿತ್ತು.

ವಿಧಾನ ಕೇಳಲು ಸುಲಭ. ಜೇಡಿಯ ಹಾಳೆಯ ಪ್ರತಿ ಪರಮಾಣುವನ್ನೂ ಎಕ್ಸ್-ರೇ ತಿಳಿಸಿದ ಜಾಗದಲ್ಲಿ ಇಡಬೇಕು. ಒಂದೊಂದಕ್ಕೂ ಇಂತಿಷ್ಟು ವಿದ್ಯುದಂಶ, ಇಂತಿಷ್ಟು ಗಾತ್ರ ಎಂದು ಕೊಡಬೇಕು. ಮೇಲೆ ನೀರು, ಅಯಾನು, ಪರೀಕ್ಷಿಸಬೇಕಾದ ರಾಸಾಯನಿಕದ ಅಣುಗಳನ್ನು ತುಂಬಬೇಕು. ಆಮೇಲೆ ಪ್ರತಿ ಪರಮಾಣುವಿನ ಮೇಲಿನ ಬಲ ಲೆಕ್ಕ ಹಾಕಿ, ನ್ಯೂಟನ್ನನ ನಿಯಮದಂತೆ ಒಂದು ಹೆಜ್ಜೆ ಮುಂದೆ ಸರಿಸಬೇಕು. ಒಂದು ಹೆಜ್ಜೆಯೆಂದರೆ ಸುಮಾರು ಒಂದು ಫೆಮ್ಟೊಸೆಕೆಂಡ್. ಅಂಥ ಹತ್ತು ಲಕ್ಷ ಹೆಜ್ಜೆ ಹಾಕಿದರೆ ಒಂದು ನ್ಯಾನೊಸೆಕೆಂಡ್. ಅಣು ಮೇಲ್ಮೈಗೆ ಬಂದು ಕೂತಿತೇ, ಎಷ್ಟು ಹೊತ್ತು ಕೂತಿತು, ನೀರನ್ನು ಸರಿಸಿ ಕೂತಿತೇ ಅಥವಾ ನೀರಿನ ಮೇಲೆಯೇ ಕೂತಿತೇ ಎಂದು ನೋಡಬಹುದು. ಅದನ್ನು ಮೇಲ್ಮೈಯಿಂದ ಹೆಜ್ಜೆ ಹೆಜ್ಜೆಗೆ ದೂರ ಎಳೆದು, ಬಿಡಿಸಲು ಬೇಕಾದ ಶಕ್ತಿ ಎಷ್ಟೆಂದೂ ಅಳೆಯಬಹುದು.

1991ರಲ್ಲಿ ಇಂಗ್ಲೆಂಡಿನ ಸ್ಕಿಪ್ಪರ್, ರೆಫ್‌ಸನ್, ಮೆಕ್‌ಕಾನೆಲ್ ಜೇಡಿಪದರಗಳ ನಡುವಿನ ನೀರನ್ನು ಹೀಗೆ ಕಂಪ್ಯೂಟರಿನಲ್ಲಿ ನೋಡಿದ ಮೊದಲಿಗರ ಸಾಲಿನಲ್ಲಿದ್ದರು. ಅವರು ಆರಿಸಿಕೊಂಡದ್ದು ಎರಡು ಸಿಲಿಕಾ ಹಾಳೆಗಳ, ಉಬ್ಬುವ ಬಳಗದ ಜೇಡಿಯನ್ನು. ನಾಲ್ಕು ವರ್ಷಗಳ ನಂತರ ಎಡೊ ಬೊಯೆಕ್, ಪೀಟರ್ ಕೊವೆನಿ ಮತ್ತು ಸ್ಕಿಪ್ಪರ್ ಒಂದು ಬಹಳ ಪ್ರಾಯೋಗಿಕ ಪ್ರಶ್ನೆಗೆ ಉತ್ತರ ಹುಡುಕಿದರು. ಎಣ್ಣೆಬಾವಿ ಕೊರೆಯುವಾಗ ಜೇಡಿತುಂಬಿದ ಶೇಲ್ ಬಂಡೆ ಕೊರೆತದ ನೀರು ಕುಡಿದು ಉಬ್ಬಿ, ಬಾವಿಯ ಗೋಡೆ ಕುಸಿಯುತ್ತದೆ. ಕೊರೆತದ ನೀರಿಗೆ ಪೊಟ್ಯಾಸಿಯಂ ಉಪ್ಪು ಸೇರಿಸಿದರೆ ಉಬ್ಬುವುದು ತಗ್ಗುತ್ತದೆ ಎಂದು ಕೆಲಸಗಾರರಿಗೆ ಅನುಭವದಿಂದ ಗೊತ್ತಿತ್ತು. ಏಕೆ ಎಂದು ಗೊತ್ತಿರಲಿಲ್ಲ. ಲೆಕ್ಕ ಕಾರಣ ತೋರಿಸಿತು. ಲಿಥಿಯಂ, ಸೋಡಿಯಂ ಅಯಾನುಗಳು ನೀರನ್ನು ಸುತ್ತಿಕೊಂಡು ಪದರಗಳ ನಟ್ಟನಡುವೆ ಹೋಗಿ ನಿಲ್ಲುತ್ತವೆ, ಪದರಗಳನ್ನು ದೂಡುತ್ತವೆ. ಪೊಟ್ಯಾಸಿಯಂಗೆ ನೀರಿನ ಹಂಬಲ ಕಡಿಮೆ. ಅದು ಹಾಳೆಯ ಮೇಲ್ಮೈಗೇ ಒತ್ತಿಕೊಂಡು ಕೂತು ಪದರಗಳನ್ನು ಹತ್ತಿರವೇ ಹಿಡಿಯುತ್ತದೆ. ಪಾಲಿಗ್ಲೈಕಾಲ್, ಅಮೀನ್‌ನಂಥ ಸಾವಯವ ಸೇರಿಕೆಗಳ ಲೆಕ್ಕವೂ ಅದೇ ದಾರಿಯಲ್ಲಿ ಮುಂದುವರಿಯಿತು.

2004ರಲ್ಲಿ ಅಮೆರಿಕದ ಸೈಗನ್, ಲಿಯಾಂಗ್, ಕಲಿನಿಚೆವ್ ‘ಕ್ಲೇಎಫ್‌ಎಫ್’ ಎಂಬ ಬಲಸೂತ್ರಗಳ ಗುಂಪು ಪ್ರಕಟಿಸಿದರು. ಯಾವ ಪರಮಾಣುವಿಗೆ ಎಷ್ಟು ವಿದ್ಯುದಂಶ ಎಂಬ ಸಿದ್ಧ ಪಟ್ಟಿ ಸಿಕ್ಕಿದ್ದರಿಂದ ಜಗತ್ತಿನ ಯಾವ ಪ್ರಯೋಗಾಲಯವಾದರೂ ಜೇಡಿಯ ಲೆಕ್ಕಕ್ಕೆ ಕೈ ಹಾಕಬಹುದಾಯಿತು. ಇಂದಿಗೂ ಅದು ಈ ಕ್ಷೇತ್ರದ ಬಳಕೆಯ ಸಾಧನ. 2007ರ ಹೊತ್ತಿಗೆ ಕೊವೆನಿ ತಂಡ ಒಂದು ಕೋಟಿ ಪರಮಾಣುಗಳ ಮಟ್ಟದ ಜೇಡಿಹಾಳೆಯನ್ನು ಲೆಕ್ಕಕ್ಕೆ ತಂದು, ಹಾಳೆ ಅಲೆ ಅಲೆಯಾಗಿ ಬಾಗುವುದನ್ನೂ ಕಂಡಿತ್ತು.

ಈ ಹಾದಿಯುದ್ದಕ್ಕೂ ಪ್ರಶ್ನೆ ತಂದವರು ಎಣ್ಣೆಬಾವಿಯವರು, ಅಣು ತ್ಯಾಜ್ಯವನ್ನು ಬೆಂಟೊನೈಟ್ ಎಂಬ ಜೇಡಿಯ ಹೊದಿಕೆಯಲ್ಲಿ ಹೂಳಲು ಹೊರಟ ದೇಶಗಳವರು, ಪ್ಲಾಸ್ಟಿಕ್ಕಿಗೆ ಜೇಡಿ ಬೆರೆಸಿ ಗಟ್ಟಿ ಮಾಡುವ ಉದ್ಯಮದವರು. ಮೂವರಿಗೂ ಬೇಕಾದದ್ದು ಉಬ್ಬುವ ಜೇಡಿ. ಕಯೊಲಿನೈಟ್ ಮೇಲೂ ಕೆಲಸ ನಡೆದಿದೆ, ಆದರೆ ಮೊದಲ ದಶಕಗಳ ದುಡ್ಡು, ಗಮನ ಎರಡೂ ಹೋದದ್ದು ಮಾಂಟ್‌ಮೊರಿಲೊನೈಟ್ ಕಡೆಗೆ.

ಕಾಂಕ್ರೀಟಿನ ದಾರಿಯಲ್ಲಿ

ಈ ವಿದ್ಯೆ ಕನ್ನಡನಾಡಿನ ದಿನದ ಬದುಕಿಗೆ ತಾಗಿದ ಜಾಗ ಕಟ್ಟಡ ಕೆಲಸ. ಹೊಳೆಮರಳು ದುರ್ಲಭವಾದ ಮೇಲೆ ಕಲ್ಲು ಪುಡಿಮಾಡಿದ ಎಂ-ಸ್ಯಾಂಡ್ ಬಂತು. 2016ರ ಐಎಸ್ 383 ಮಾನಕ ಅದಕ್ಕೆ ಸ್ಪಷ್ಟ ಜಾಗ ಕೊಟ್ಟಿತು. ಈಗಿನ ಕಾಂಕ್ರೀಟಿಗೆ ಕಡಿಮೆ ನೀರಿನಲ್ಲಿ ಹರಿಯುವ ಗುಣ ಬರುವುದು ಪಾಲಿಕಾರ್ಬಾಕ್ಸಿಲೇಟ್ ಎಂಬ ಸೇರಿಕೆಯಿಂದ. ಅದು ಸಿಮೆಂಟ್ ಕಣಕ್ಕೆ ಅಂಟಬೇಕು. ಮರಳಿನಲ್ಲಿ ಉಬ್ಬುವ ಜೇಡಿ ಸ್ವಲ್ಪ ಇದ್ದರೂ ಸೇರಿಕೆಯ ಉದ್ದನೆಯ ಪಕ್ಕಸರಪಳಿಗಳು ಅದರ ಪದರಗಳ ನಡುವೆ ನುಸುಳಿ ಸಿಕ್ಕಿಬೀಳುತ್ತವೆ. ಸಿಮೆಂಟಿಗೆ ಉಳಿಯುವುದು ಕಡಿಮೆ, ಕಾಂಕ್ರೀಟು ಬೇಗ ಬಿಗಿದುಕೊಳ್ಳುತ್ತದೆ. ಮ್ಯೂನಿಕ್‌ನ ಯೋಹಾನ್ ಪ್ಲಾಂಕ್ ತಂಡ 2012ರಿಂದೀಚೆಗೆ ಇದನ್ನು ಪ್ರಯೋಗದಿಂದ ತೋರಿಸಿತು. ಕಯೊಲಿನೈಟ್‌ನ ಹಾವಳಿ ಮಾಂಟ್‌ಮೊರಿಲೊನೈಟ್‌ಗಿಂತ ಎಷ್ಟೋ ಕಡಿಮೆ ಎಂಬುದೂ ಅದೇ ಸರಣಿಯಲ್ಲಿ ಸ್ಪಷ್ಟವಾಯಿತು. ಮರಳಿನಲ್ಲಿ ಮಣ್ಣಿನ ಪಾಲು ಎಷ್ಟು ಎಂದು ಕೇಳಿದರೆ ಸಾಲದು, ಆ ಮಣ್ಣು ಯಾವುದು ಎಂದೂ ಕೇಳಬೇಕು. ಮರಳಿಗೆ ಮೆಥಿಲೀನ್ ಬ್ಲೂ ಬಣ್ಣ ಹಾಕಿ, ಜೇಡಿ ಎಷ್ಟು ಬಣ್ಣ ಹಿಡಿಯಿತೆಂದು ನೋಡುವ ಪರೀಕ್ಷೆ ಮಾಡುವುದು ಇದನ್ನೇ.

ಲೆಕ್ಕಕ್ಕೆ ಬೇಕಾದ ಯಂತ್ರಗಳಿಗೂ ಬೆಂಗಳೂರಿನಲ್ಲಿ ಬಡತನವಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2015ರಲ್ಲಿ ‘ಸಹಸ್ರಟಿ’ ಎಂಬ ಪೆಟಾಫ್ಲಾಪ್ ಮಟ್ಟದ ಸೂಪರ್‌ಕಂಪ್ಯೂಟರ್ ಬಂತು, 2022ರಲ್ಲಿ 3.3 ಪೆಟಾಫ್ಲಾಪ್‌ನ ‘ಪರಮ್ ಪ್ರವೇಗ’. ಮಣ್ಣನ್ನು ಬಲ್ಲವರೂ ದೂರದಲ್ಲಿಲ್ಲ. 1974ರಲ್ಲಿ ಅದೇ ಸಂಸ್ಥೆಯಲ್ಲಿ ಎ. ಕೆ. ಎನ್. ರೆಡ್ಡಿ ಕಟ್ಟಿದ ‘ಅಸ್ತ್ರ’ ಕೇಂದ್ರದಲ್ಲಿ ಕೆ. ಎಸ್. ಜಗದೀಶ್ ಮತ್ತು ಸಂಗಡಿಗರು ಕೆಮ್ಮಣ್ಣಿಗೆ ತುಸು ಸಿಮೆಂಟ್ ಬೆರೆಸಿ ಒತ್ತಿದ ಇಟ್ಟಿಗೆಯನ್ನು ಸಾವಿರಾರು ಮನೆಗಳಿಗೆ ತಲುಪಿಸಿದರು. ಘಾಟಿಯ ಆಚೆ ಸುರತ್ಕಲ್‌ನ ಎನ್‌ಐಟಿಕೆಯವರು ಕರಾವಳಿಯ ಶೇಡಿಮಣ್ಣನ್ನು ಸುಣ್ಣ, ಸಿಮೆಂಟುಗಳಿಂದ ರಸ್ತೆಗೆ ಹದಮಾಡುವ ಪ್ರಯೋಗಗಳನ್ನು ವರ್ಷಗಳಿಂದ ಮಾಡುತ್ತಿದ್ದಾರೆ. ಜಂಬಿಟ್ಟಿಗೆಯ ಕೆಳಗೆ ಸಿಗುವ ಆ ಬಿಳಿ–ಕೆಂಪು ನುಣುಪು ಮಣ್ಣಿನಲ್ಲೂ ಮುಖ್ಯವಾಗಿ ಕಯೊಲಿನೈಟೇ.

ಧರೆಗೆ ಸುಣ್ಣ ಹಾಕಿದರೆ?

ಹಾಗಾದರೆ ದೋಣಿಗಲ್ಲಿನ ಧರೆಗೆ ಯಾವುದಾದರೂ ರಾಸಾಯನಿಕ ಹೊಯ್ದು ಕುಸಿಯದಂತೆ ಮಾಡಬಹುದೇ? ಇಲ್ಲಿ ಲೆಕ್ಕವನ್ನು ಅದರ ಮಿತಿಯೊಳಗೇ ಓದಬೇಕು. ಸುಣ್ಣ ಕೆಲಸ ಮಾಡುವುದು ಎರಡು ಹಂತದಲ್ಲಿ. ಮೊದಲು ಕ್ಯಾಲ್ಸಿಯಂ ಅಯಾನುಗಳು ಜೇಡಿಯ ಮೇಲ್ಮೈಗೆ ಅಂಟಿ ಕಣಗಳನ್ನು ಗುಂಪುಗೂಡಿಸುತ್ತವೆ. ಆಮೇಲೆ ಸುಣ್ಣದ ತೀವ್ರ ಕ್ಷಾರದಲ್ಲಿ ಜೇಡಿಯ ಸಿಲಿಕಾ, ಅಲ್ಯೂಮಿನಾ ಕರಗಿ ಸಿಮೆಂಟಿನಂಥ ಬಂಧಕ ಹುಟ್ಟುತ್ತದೆ. ಅಯಾನು ಹಿಡಿಯುವ ಶಕ್ತಿ ಕಡಿಮೆ ಇರುವ ಕಯೊಲಿನೈಟ್‌ನಲ್ಲಿ ಮೊದಲ ಹಂತ ಚಿಕ್ಕದು, ಎರಡನೆಯದೇ ಮುಖ್ಯ. ಅದಕ್ಕೆ ಸುಣ್ಣ ಮಣ್ಣಿನಲ್ಲಿ ಚೆನ್ನಾಗಿ ಬೆರೆಯಬೇಕು, ಹದವಾಗಲು ವಾರಗಳೇ ಬೇಕು. ರಸ್ತೆಯ ತಳದಲ್ಲಿ, ಇಟ್ಟಿಗೆಯಲ್ಲಿ ಬೆರೆಸಬಹುದು. ನಿಂತ ಗುಡ್ಡದೊಳಗೆ ಬೆರೆಸುವುದು ಹೇಗೆ? ನುಣುಪು ಮಣ್ಣಿನ ಸಂದುಗಳಲ್ಲಿ ದ್ರಾವಣ ಮೊಳದ ದೂರ ಹೋಗುವುದೇ ಕಷ್ಟ. ಮೇಲಿನಿಂದ ಇಂಗಿದ ಮಳೆನೀರು ಸಂದುಗಳಲ್ಲಿ ಒತ್ತಡ ಕಟ್ಟಿ ಕಣಗಳ ನಡುವಿನ ಘರ್ಷಣೆಯನ್ನು ಕಿತ್ತುಕೊಂಡಾಗ ಧರೆ ಕುಸಿಯುತ್ತದೆ. ಅದಕ್ಕೆ ಮೊದಲ ಮದ್ದು ನೀರು ಹೊರಹೋಗುವ ದಾರಿ ಮತ್ತು ಸಾಕಷ್ಟು ಓರೆಯಾದ ಕಡಿತ. ರಸಾಯನದ ಸರದಿ ಆಮೇಲೆ.

ಲೆಕ್ಕದ ಪೆಟ್ಟಿಗೆಗೂ ಕೆಮ್ಮಣ್ಣು ಸುಲಭದ ತುತ್ತಲ್ಲ. ಕಯೊಲಿನೈಟ್‌ನ ಒಂದು ಮುಖ ಸಿಲಿಕಾದ್ದು, ಇನ್ನೊಂದು ಹೈಡ್ರಾಕ್ಸಿಲ್‌ಗಳದ್ದು. ಎರಡಕ್ಕೂ ರುಚಿ ಬೇರೆ. ಅದರ ವಿದ್ಯುದಂಶದ ದೊಡ್ಡ ಪಾಲು ಮುರಿದ ಅಂಚುಗಳಲ್ಲಿದ್ದು, ಮಣ್ಣಿನ ಹುಳಿ ಏರಿಳಿದಂತೆ ಬದಲಾಗುತ್ತದೆ. ಹೀಗೆ ಪ್ರೋಟಾನ್ ಬಂದುಹೋಗುವ, ಬಂಧ ಮುರಿದು ಕಟ್ಟುವ ಜಾಗದಲ್ಲಿ ಸಾಮಾನ್ಯ ಬಲಸೂತ್ರ ಸಾಲದು; ಕ್ವಾಂಟಂ ಲೆಕ್ಕವೇ ಬೇಕು, ಅದು ಬಹಳ ದುಬಾರಿ. ಮೇಲೆ ಕಬ್ಬಿಣದ ಆಕ್ಸೈಡಿನ ಲೇಪ, ತರಗೆಲೆಯ ಸಾವಯವ ವಸ್ತು. ಪೆಟ್ಟಿಗೆಯೊಳಗಿನ ಶುದ್ಧ ಜೇಡಿಗೂ ತೋಟದ ಮಣ್ಣಿಗೂ ನಡುವೆ ಇಷ್ಟು ಅಂತರವಿದೆ. ಗಾತ್ರದ ಅಂತರ ಇನ್ನೂ ದೊಡ್ಡದು: ಲೆಕ್ಕ ನ್ಯಾನೊಮೀಟರು, ನ್ಯಾನೊಸೆಕೆಂಡುಗಳಲ್ಲಿ, ಧರೆ ಮೀಟರು, ಮಳೆಗಾಲಗಳಲ್ಲಿ.

ಹೀಗಿದ್ದರೂ ಘಾಟಿಗೆ ಈ ವಿದ್ಯೆಯಿಂದ ಉಪಯೋಗವಿದೆ; ಪ್ರಶ್ನೆ ಸರಿಯಾದ ಅಳತೆಯದಾಗಿರಬೇಕು. ಸುಣ್ಣ, ರಂಜಕ, ತಾಮ್ರ ಇವುಗಳಲ್ಲಿ ಯಾವುದು ಕಯೊಲಿನೈಟ್‌ನ ಅಂಚಿಗೆ, ಯಾವುದು ಕಬ್ಬಿಣದ ಲೇಪಕ್ಕೆ ಅಂಟುತ್ತದೆ ಎಂಬುದು ಬಾಳೆಹೊನ್ನೂರಿನ ಕಾಫಿ ಕೇಂದ್ರದ ಪ್ರಶ್ನೆ. ಹೊಸದಾಗಿ ಕಡಿದ ಧರೆಯ ಮೇಲ್ಪದರ ಹುಲ್ಲು ಹಿಡಿಯುವವರೆಗೆ ಕೊಚ್ಚಿಹೋಗದಂತೆ ತಡೆಯಲು ಯಾವ ಪಾಲಿಮರ್ ಈ ಮಣ್ಣಿಗೆ ಹೊಂದುತ್ತದೆ ಎಂಬುದು ಹೆದ್ದಾರಿಯವರ ಪ್ರಶ್ನೆ. ಎಷ್ಟು ಸುಣ್ಣದಿಂದ ರಸ್ತೆಯ ತಳ ಹದವಾಗುತ್ತದೆ, ಎಷ್ಟು ಮಳೆಗಾಲದಲ್ಲಿ ಅದು ತೊಳೆದುಹೋಗುತ್ತದೆ ಎಂಬುದು ಸುರತ್ಕಲ್‌ನ ಪ್ರಶ್ನೆ. ಇವು ಮೂರೂ ಮೇಲ್ಮೈಗೆ ಅಂಟುವುದರ ಪ್ರಶ್ನೆಗಳೇ, ಆದ್ದರಿಂದ ಲೆಕ್ಕಕ್ಕೆ ಒಗ್ಗುವಂಥವು.

ಎಣ್ಣೆಬಾವಿಯವರು ತಮ್ಮ ಶೇಲ್ ಬಂಡೆಯಲ್ಲಿ ಯಾವ ಜೇಡಿ ಇದೆಯೆಂದು ಮೊದಲು ತಿಳಿದುಕೊಂಡರು. ಪೊಟ್ಯಾಸಿಯಂನ ಗುಟ್ಟು ಬಿಡಿಸಿದ ಲೆಕ್ಕ ಬಂದದ್ದು ಆಮೇಲೆ. ಇಲ್ಲಿಯೂ ಕ್ರಮ ಅದೇ ಆಗಬೇಕು. ಸಕಲೇಶಪುರದಿಂದ ಮಾರನಹಳ್ಳಿಯವರೆಗಿನ ಪ್ರತಿ ಕಡಿತದಿಂದ ಮಣ್ಣು ತೆಗೆದು, ಎಕ್ಸ್-ರೇಯಲ್ಲಿ ನೋಡಿ, ಕಯೊಲಿನೈಟ್ ಎಷ್ಟು, ಕಬ್ಬಿಣದ ಆಕ್ಸೈಡ್ ಎಷ್ಟು, ಉಬ್ಬುವ ಜೇಡಿ ಎಲ್ಲಾದರೂ ಅಡಗಿದೆಯೇ ಎಂದು ಆಳವಾರು ಪಟ್ಟಿ ಮಾಡುವ ಕೆಲಸಕ್ಕೆ ಸೂಪರ್‌ಕಂಪ್ಯೂಟರ್ ಬೇಡ. ಒಂದು ಸಾಧಾರಣ ಕಾಲೇಜು ಪ್ರಯೋಗಾಲಯ, ಒಂದು ಬೇಸಿಗೆ ಸಾಕು. ಗುಡ್ಡವನ್ನು ಮುಂದಿನ ಸಲ ಕಡಿಯುವ ಮುನ್ನ ಆ ಪಟ್ಟಿ ಎಂಜಿನಿಯರರ ಮೇಜಿನ ಮೇಲಿರಬೇಕು, ಪರಮಾಣುಗಳ ಲೆಕ್ಕವೂ ಅದರಿಂದಲೇ ಶುರುವಾಗಬೇಕು.